ಅರಬ್ಬಿ ಪದ್ಯಕ್ಕೆ ಕನ್ನಡದ ಪ್ರಸ್ತಾರ ಹಾಕಿದ್ದು

ಷಟ್ಪದಿ, ರಗಳೆಗಳಿಗೆ ಪ್ರಸ್ತಾರ ಹಾಕಲು ಹಿಂದೊಮ್ಮೆ ಬರೆದಿಟ್ಟಿದ್ದ ನನ್ನ ಪೈಥಾನ್ ಪ್ರೋಗ್ರಾಂ ಅರಬ್ಬಿಗೂ ನಡೆಯುತ್ತದೆ ಅಂದಾಗ ನಕ್ಕವರೇ ಹೆಚ್ಚು. "ಲಘು-ಗುರು ತಗೊಂಡು ಹೋಗಿ ಅರಬ್ಬರಿಗೆ ಪಾಠ ಮಾಡ್ತೀಯಾ ಮಾರಾಯ?" ಅಂದರು ಒಬ್ಬರು. ಈಗ ನಡೆಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಬೇಕಿದ್ದದ್ದು ಇಷ್ಟು. ಇಂಗ್ಲಿಷ್ ಕವಿ ಎಲಿಯಟ್ 1922ರಲ್ಲಿ 'ದಿ ವೇಸ್ಟ್ ಲ್ಯಾಂಡ್' ತಂದಾಗ, ಇರಾಕಿನ ಕವಿ ನಾಜಿಕ್ ಅಲ್ ಮಲಾಇಕಾ 1947ರಲ್ಲಿ 'ಕಾಲರಾ' ಬರೆದಾಗ ಹಳೆಯ ಛಂದಸ್ಸು ಎಷ್ಟು ಮುರಿಯಿತು, ಎಷ್ಟು ಉಳಿಯಿತು? ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕಿತ್ತು.

ಮೊದಲು, ಶೈಲಿ ಅಳೆಯುವ ಎಲ್ಲರಂತೆ, ಸಣ್ಣ ಪದಗಳನ್ನು ಎಣಿಸಹೊರಟೆ. ಇಂಗ್ಲಿಷ್‌ನ 'ದಿ', 'ಆಫ್', 'ಅಂಡ್' ಬಿಡಿಬಿಡಿಯಾಗಿ ಸಿಗುತ್ತವೆ. ಅರಬ್ಬಿಯ 'ವ', 'ಬಿ', 'ಲಿ', 'ಅಲ್' ಮುಂದಿನ ಪದಕ್ಕೇ ಅಂಟಿಕೊಂಡಿರುತ್ತವೆ. ಬಿಡಿಸಿ, ಉಳಿದ ಪದಗಳ ಜೊತೆಗೇ ಎಣಿಸಿದರೂ ಗಿಟ್ಟಿದ್ದು ಅಷ್ಟರಲ್ಲೇ. ಹಳಬರಲ್ಲಿ ಒಂಟೆ, ಪಾಳುಬಿದ್ದ ಬಿಡಾರ; ಹೊಸಬರಲ್ಲಿ ನಗರ, ಬೀದಿ. ಇದನ್ನು ಹೇಳಲು ಕಂಪ್ಯೂಟರ್ ಬೇಕೇ?

ಹಾಗಾಗಿ ಪದ ಬಿಟ್ಟು ಗಣಕ್ಕೆ ಬಂದೆ. ಖರ್ಚು ಶುರುವಾದದ್ದೂ ಇಲ್ಲಿಂದಲೇ. ಹಳೆಯ ದೀವಾನುಗಳಲ್ಲಿ, ಅಂದರೆ ಕವನಸಂಗ್ರಹಗಳಲ್ಲಿ, ಒಂದು ಬೈತಿನ (ಪದ್ಯದ ಒಂದು ಪೂರ್ತಿ ಸಾಲಿನ) ಎರಡು ಅರ್ಧಗಳನ್ನು ಎದುರುಬದುರು ಅಚ್ಚು ಹಾಕಿರುತ್ತಾರೆ. ಪುಟದ ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ, ಓಸಿಆರ್, ಬಲಗಡೆಯದನ್ನೆಲ್ಲ ಮೇಲಿಂದ ಕೆಳಗೆ ಓದಿ, ಆಮೇಲೆ ಎಡಗಡೆಗೆ ಬರುತ್ತಿತ್ತು. ಅದನ್ನು ಪುಟ ಸೀಳಿ ಸರಿಮಾಡಿದೆ. ಸ್ವರಚಿಹ್ನೆ ಇಲ್ಲದ್ದು ಮಾತ್ರ ದೊಡ್ಡ ತಲೆನೋವು. ಹರಕತ್ ಇಲ್ಲದ ಅರಬ್ಬಿ ಅಂದರೆ ಕಾಗುಣಿತ ಕಿತ್ತುಹಾಕಿದ ಕನ್ನಡದ ಹಾಗೆ. ಪ್ರಸ್ತಾರ ಯಾವುದಕ್ಕೆ ಹಾಕುವುದು? ದೊಡ್ಡ ಲೆಕ್ಕ ಮಾಡುವ ಚಿಪ್, ಜಿಪಿಯು, ಬಾಡಿಗೆಗೆ ತೆಗೆದುಕೊಂಡು ಎಐ ಮಾಡೆಲ್ ಒಂದರಿಂದ ಸ್ವರಚಿಹ್ನೆ ಹಾಕಿಸಿದೆ. ಹದಿನೈದು ಸಾವಿರ ರೂಪಾಯಿಯ ಮೇಲೆ ಹೋಯಿತು. ಪತ್ರಿಕೆಯ ಗದ್ಯ ತಿಂದು ಬೆಳೆದ ಮಾಡೆಲ್, ಹಳೆಯ ಪದ್ಯ ಕಂಡರೆ ಬೆಬ್ಬಳಿಸುತ್ತಿತ್ತು. ಕೊನೆಗೆ ಅರಬ್ಬಿ ಓದಿದ ಇಬ್ಬರು ಹುಡುಗರನ್ನು ಹಿಡಿದು ಸಾಲಿಗೆ ಮೂರು ರೂಪಾಯಿಯಂತೆ ತಿದ್ದಿಸಿದೆ. ಜಿಪಿಯುಗಿಂತ ಅಗ್ಗ, ಕೆಲಸವೂ ಗಟ್ಟಿ.

ಸ್ವರ ಹಾಕಿದ ಪಠ್ಯವನ್ನು ಕನ್ನಡ ಲಿಪಿಗೆ ಇಳಿಸಿ ಹಳೆಯ ಪ್ರೋಗ್ರಾಮಿಗೇ ಕೊಟ್ಟೆ. ಆರನೇ ಶತಮಾನದ ಇಮ್ರುಲ್ ಕೈಸನ ಹೆಸರಾಂತ ಮೊದಲ ಸಾಲು: ಕಿಫಾನಬ್ ಕಿಮಿನ್‌ದಿಕ್‌ರಾ ಹಬೀಬಿನ್ ವಮನ್‌ಜಿಲೀ. ಮೊದಲ ಗಣ ಲಘು-ಗುರು-ಗುರು, ನಮ್ಮ ಯಗಣ. ಎರಡನೆಯದು ಲಘುವಿನ ಮೇಲೆ ಮೂರು ಗುರು. ಮತ್ತೆ ಯಗಣ. ಕೊನೆಯದರಲ್ಲಿ ಮಾತ್ರ ಒಂದು ಗುರು ಲಘುವಾಗಿದೆ, ಛಂದಸ್ಸು ಒಪ್ಪುವ ಸಡಿಲ ಅದು. ಇದೇ 'ತವೀಲ್' ಎಂಬ ಅರಬ್ಬಿ ಛಂದಸ್ಸು. ಅಕ್ಷರ ಇಮ್ಮಡಿಸುವ ಶದ್ದಾ ಚಿಹ್ನೆ ಬಂದಲ್ಲಿ ಒತ್ತಕ್ಷರ, ನೂನ್ (ನಕಾರ) ಸ್ವರವಿಲ್ಲದೆ ನಿಂತಲ್ಲಿ ಅರ್ಧಾಕ್ಷರ. ಗುರುವಿನ ನಿಯಮ ಒಂದನ್ನೂ ಮುಟ್ಟಬೇಕಾಗಲಿಲ್ಲ. ಎಂಟನೇ ಶತಮಾನದ ಬಸ್ರಾದ ಖಲೀಲ್ ಕಟ್ಟಿದ ಛಂದಸ್ಸುಗಳಲ್ಲಿ ಹತ್ತಕ್ಕೆ ಎಂಟೊಂಬತ್ತು ಸಾಲು ಸರಿಯಾಗಿ ಬಿದ್ದವು. ಈ ಸಡಿಲಗಳಿಗೆ ಎಷ್ಟೆಷ್ಟು ಅಂಕ ಕಳೆದೆ, ಪದದ ಕೊನೆಯ ಸರ್ವನಾಮದ ಸ್ವರವನ್ನು ಯಾವಾಗ ದೀರ್ಘವಾಗಿ ಎಳೆದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅಷ್ಟು ನನ್ನ ಜೇಬಿನಲ್ಲೇ ಇರಲಿ.

ನಡುವೆ ಒಂದು ಸಂಜೆ ಕೆಲಸ ಬಿಟ್ಟು ಭುಜಂಗಪ್ರಯಾತದ ಶ್ಲೋಕವೊಂದನ್ನು ಅರಬ್ಬಿ ಅಂತ ಸುಳ್ಳು ಹೇಳಿ ತುರುಕಿದೆ. 'ಮುತಕಾರಿಬ್' ಎಂಬ ಅರಬ್ಬಿ ಛಂದಸ್ಸು ಎಂದಿತು! ತಪ್ಪೇನಿಲ್ಲ, ಎರಡೂ ನಾಲ್ಕು ಯಗಣವೇ. ಸ್ರಗ್ವಿಣಿ ವೃತ್ತ ಕೊಟ್ಟರೆ 'ಮುತದಾರಿಕ್', ನಾಲ್ಕು ರಗಣ. ಆವತ್ತು ರಾತ್ರಿ ನಕ್ಕವರಿಗೆಲ್ಲ ಸ್ಕ್ರೀನ್‌ಶಾಟ್ ಕಳಿಸಿದೆ.

'ಕಾಲರಾ' ಇದೇ ಮುತದಾರಿಕ್‌ನ ಚುರುಕು ನಡೆಯಲ್ಲಿದೆ. ಎರಡು ಲಘು ಒಂದು ಗುರು, ಇಲ್ಲವೇ ಎರಡು ಗುರು. ಹೇಗೆ ನೋಡಿದರೂ ನಾಲ್ಕು ಮಾತ್ರೆ, ಮಂದಾನಿಲ ರಗಳೆ ಓದಿದ ಕಿವಿಗೆ ಹೊಸತಲ್ಲ. ಅಲ್ಲಲ್ಲಿ ಐದು ಮಾತ್ರೆಯ ಗಣ ನುಗ್ಗುತ್ತದೆ. ಇರಾಕಿನ ಇನ್ನೊಬ್ಬ ಕವಿ ಬದ್ರ್ ಶಾಕಿರ್ ಅಸ್ಸಯ್ಯಾಬನ 'ಮಳೆಯ ಹಾಡು' ಕವಿತೆ 'ರಜಜ್' ಛಂದಸ್ಸಿನಲ್ಲಿ ಬಿತ್ತು. ಇಬ್ಬರಲ್ಲೂ ಸಾಲು ಕುಗ್ಗುತ್ತದೆ, ಹಿಗ್ಗುತ್ತದೆ, ಗಣ ಮಾತ್ರ ಕದಲುವುದಿಲ್ಲ. ಎರಡು ಬಗೆಯ ಗಣ ಹೆಣೆದ ತವೀಲ್ ಇಂಥ ಸಾಲಿಗೆ ಒಗ್ಗದು. ಒಂದೇ ಗಣ ಮರಳಿ ಮರಳಿ ಬರುವ ಛಂದಸ್ಸುಗಳೇ ಹೊಸಬರಿಗೆ ಅನುಕೂಲ. ಅಸ್ಸಯ್ಯಾಬ್ ಬಾಗ್ದಾದಿನಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯ, ಎಲಿಯಟ್‌ನನ್ನು ಬಲ್ಲವನು. ಆದರೂ ಎಲಿಯಟ್ ಮುರಿದ ಜಾಗದಲ್ಲಿ, ಅಂದರೆ ಸಾಲಿನೊಳಗಿನ ನಡೆಯಲ್ಲಿ, ಇವನು ಮುರಿಯಲಿಲ್ಲ ಅನ್ನುವುದೇ ನನ್ನ ಲೆಕ್ಕದಿಂದ ಹೊರಬಿದ್ದ ಮುಖ್ಯ ಸಂಗತಿ.

ಇಂಗ್ಲಿಷ್‌ಗೆ ಲಘು-ಗುರು ನಡೆಯದು, ಅಲ್ಲಿ ಯಾವ ಉಚ್ಚಾರಾಂಶದ ಮೇಲೆ ದನಿಯ ಒತ್ತು ಬೀಳುತ್ತದೆ ಅನ್ನುವುದರದೇ ಆಟ. ಸಿಎಮ್‌ಯು ಎಂಬ ಉಚ್ಚಾರಣೆಯ ನಿಘಂಟು ಪುಕ್ಕಟೆ ಸಿಗುತ್ತದೆ, ಅದರಲ್ಲಿ ಒತ್ತಿನ ಗುರುತು ಇದೆ. ಒಂದೇ ಉಚ್ಚಾರಾಂಶದ ಪದಗಳಿಗೆ ಮಾತ್ರ ನಿಘಂಟನ್ನು ನಂಬದೆ ಎರಡೂ ಸಾಧ್ಯತೆ ಇಟ್ಟೆ. ಹತ್ತೊಂಬತ್ತನೇ ಶತಮಾನದ ಕವಿ ಟೆನಿಸನ್‌ನ 'ಯುಲಿಸಿಸ್' ಬಹುಪಾಲು ಐದು ಒತ್ತಿಗೆ ಕೂತಿತು. 'ವೇಸ್ಟ್ ಲ್ಯಾಂಡ್' ಚೆಲ್ಲಾಪಿಲ್ಲಿ. ಆದರೆ ಮೂರನೇ ಭಾಗದಲ್ಲಿ ಒಂದು ಕಡೆ, ಐದು ಒತ್ತಿಗೆ ಕೂರುವ ಸಾಲುಗಳ ಗ್ರಾಫು ದಿಢೀರನೆ ಟೆನಿಸನ್ ಮಟ್ಟಕ್ಕೆ ಏರಿತು. ಪ್ರೋಗ್ರಾಂ ಕೆಟ್ಟಿತೆಂದು ತೆಗೆದು ನೋಡಿದರೆ ಟೈಪಿಸ್ಟ್ ಹುಡುಗಿಯ ಭಾಗ. ಅಲ್ಲಿ ಎಲಿಯಟ್ ಒಂದು ಬಿಟ್ಟೊಂದು ಸಾಲಿಗೆ ಪ್ರಾಸ ಹಾಕಿ ಹಳೆಯ ಐದರ ನಡೆಯನ್ನೇ ಹಿಡಿದಿದ್ದಾನೆ. ಇಂಗ್ಲಿಷ್‌ನಲ್ಲಿ ಹಳೆಯದು ಹೀಗೆ ತುಂಡುತುಂಡಾಗಿ ಉಳಿದಿದೆ, ಅರಬ್ಬಿಯಲ್ಲಿ ಪ್ರತಿ ಸಾಲಿನ ಒಳಗೇ ಇದೆ.

ಬೈರೂತಿನಲ್ಲಿ 1957ರಲ್ಲಿ ಶುರುವಾದ 'ಶಿಅರ್' ಪತ್ರಿಕೆಯ ಗದ್ಯಕವಿತೆಗಳನ್ನು ಹಾಕಿದರೆ ನನ್ನ ಪ್ರೋಗ್ರಾಂ ಸುಮ್ಮನೆ ಕೈಚೆಲ್ಲುತ್ತದೆ. ಅವಕ್ಕೆ ವಾಕ್ಯದ ಉದ್ದ, ಮರುಕಳಿಸುವ ಪದಗುಚ್ಛಗಳ ಮೇಲೆ ಬೇರೆ ಅಳತೆ ಕಟ್ಟುತ್ತಿದ್ದೇನೆ. ಇಲ್ಲಿಯವರೆಗೆ ಒಟ್ಟು ನಲವತ್ತು ಸಾವಿರದ ಆಸುಪಾಸು ಕೈಬಿಟ್ಟಿದೆ. ಜಿಪಿಯು ಗೋಜಿಗೆ ಹೋಗದಿದ್ದರೆ ಇಪ್ಪತ್ತೈದರಲ್ಲಿ ಮುಗಿಯುತ್ತಿತ್ತು. ಎಂಟು ಜಿಬಿ ರ್‍ಯಾಮಿನ ಹಳೆಯ ಲ್ಯಾಪ್‌ಟಾಪ್ ಧಾರಾಳ ಸಾಕು.