ಕೆಂಪು ಟಾರ್ಚು, ಹಸಿರು ಟಾರ್ಚು: ಬಣ್ಣಗುರುಡು ಇಟ್ಟುಕೊಂಡೇ ರಿಪೇರಿ ಅಂಗಡಿ ನಡೆಸಿದ ನನ್ನ ಅನುಭವ

ನನಗೆ ಕೆಂಪು-ಹಸಿರು ಬಣ್ಣಗುರುಡು ಇದೆ. ಹಾಗಂತ ಲೋಕ ಕಪ್ಪುಬಿಳುಪಾಗಿ ಕಾಣುವುದಿಲ್ಲ, ಎಲ್ಲರೂ ಮೊದಲು ಕೇಳುವುದು ಅದನ್ನೇ. ಹಳದಿ, ನೀಲಿ ಚೆನ್ನಾಗಿಯೇ ಕಾಣುತ್ತವೆ. ಕಂದು, ಕೆಂಪು, ಹಸಿರು ಮಾತ್ರ ಒಂದೇ ಮನೆಯ ಅಣ್ಣತಮ್ಮಂದಿರ ಥರ. ಸೀರೆಯಷ್ಟು ದೊಡ್ಡದಿದ್ದರೆ ಹೇಳಿಬಿಡುತ್ತೇನೆ, ಕೂದಲೆಳೆಯಷ್ಟು ಪಟ್ಟೆಯಾದರೆ ಸೋತೆ. ಆದರೆ ನನ್ನ ಕಸುಬೇ ಪಟ್ಟೆ ಓದುವುದು: ಬೋರ್ಡ್ ಮೇಲಿನ ರೆಸಿಸ್ಟೆನ್ಸ್ ಅನ್ನೋ ಪುಟ್ಟ ಕಡ್ಡಿ ಕರೆಂಟನ್ನು ಎಷ್ಟು ತಡೆಯುತ್ತದೆ ಅನ್ನೋದನ್ನು ಅದರ ಮೈಮೇಲಿನ ಬಣ್ಣದ ಪಟ್ಟೆಗಳೇ ಹೇಳುತ್ತವೆ. ಅರಸೀಕೆರೆಯಲ್ಲಿ ಸ್ಟೆಬಿಲೈಸರ್, ಯುಪಿಎಸ್, ಚಾರ್ಜರ್ ರಿಪೇರಿ, ಹೆಚ್ಚುಕಮ್ಮಿ 22 ವರ್ಷದಿಂದ.

ಗೊತ್ತಾಗಿದ್ದು ಒಂದು ಸರ್ಕಾರಿ ಕೆಲಸದ ಮೆಡಿಕಲ್‌ನಲ್ಲಿ. ಚುಕ್ಕಿಚುಕ್ಕಿಯ ಪುಸ್ತಕ ಕೊಟ್ಟರು, ಜಪಾನಿನ ಇಶಿಹಾರ ಅನ್ನೋ ಡಾಕ್ಟರು 1917ರಲ್ಲಿ ಮಾಡಿದ್ದು. ಮೊದಲ ಪುಟ 12 ಅಂತ ಜೋರಾಗಿ ಓದಿದೆ. ಅದು ಎಲ್ಲರಿಗೂ ಕಾಣುವ ಪುಟ ಅಂತ ಆಮೇಲೆ ತಿಳಿಯಿತು. ಎರಡನೆಯದನ್ನು 3 ಅಂದೆ. ಅದು 8 ಅಂತೆ. ಕೆಲಸ ಅಲ್ಲಿಗೆ ಹೋಯಿತು. ಮನೆಗೆ ಬಂದು ಹೇಳಿದರೆ ಅಮ್ಮ, 'ನಮ್ಮಪ್ಪನೂ ಹಂಗೇ ಕಣೋ, ಹಣ್ಣು ಮೆಣಸಿನಕಾಯಿ ಬಿಡಿಸೋಕೆ ಅವರನ್ನ ಯಾರೂ ಕರೀತಿರಲಿಲ್ಲ' ಅಂದಳು. ಇದು ತಾಯಿ ಕಡೆಯಿಂದ ಗಂಡುಮಕ್ಕಳಿಗೆ ಬರುವ ಆಸ್ತಿ. ತಾಯಿಗೆ ಮಾತ್ರ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ.

ಕಸುಬು ಕಲಿಸಿದ ಗುರುಗಳಿಗೆ ಹೇಳಿದಾಗ, 'ಬಣ್ಣ ಕಾಣ್ದೋನಿಗೆ ಈ ಕೆಲಸ ಆಗಲ್ಲ ಕಣಯ್ಯ, ಜೆರಾಕ್ಸ್ ಅಂಗಡಿ ಇಡು' ಅಂದರು. ಕೆಟ್ಟದ್ದು ಬಯಸಿ ಹೇಳಿದ್ದಲ್ಲ. ಅವರ ಮಾತು ನಿಜ ಅನ್ನಿಸುವಷ್ಟು ಸಲ ಸುಟ್ಟಿದ್ದೇನೆ. ಒಂದು ಹೇಳುತ್ತೇನೆ. ಯುಪಿಎಸ್ ಬೋರ್ಡ್, ಮೈನ್ಸ್ ಕರೆಂಟಿಗೆ ಅಡ್ಡ ಕೂತಿರೋ 1 ಮೆಗ್, ಅಂದರೆ ಹತ್ತು ಲಕ್ಷ ಓಮ್‌ನ ರೆಸಿಸ್ಟೆನ್ಸ್, ಹೋಗಿತ್ತು. ಅದರ ಪಟ್ಟೆ ಕಂದು-ಕಪ್ಪು-ಹಸಿರು. ನಾನು ಡಬ್ಬಿಯಿಂದ ತೆಗೆದು ಹಾಕಿದ್ದು ಕಂದು-ಕಪ್ಪು-ಕೆಂಪು. ಒಂದು ಕೆ, ಬರೀ ಸಾವಿರ ಓಮ್! ಅವಸರಕ್ಕೆ, ತಪ್ಪಾದರೆ ಕರೆಂಟ್ ತಡೆಯೋ ಸೀರೀಸ್ ಬಲ್ಬೂ ಇಡದೆ ನೇರ ಕರೆಂಟ್ ಕೊಟ್ಟೆ. ಕಾಲು ವ್ಯಾಟ್‌ನ ಕಡ್ಡಿಗೆ 50 ವ್ಯಾಟ್ ಹೊಡೆದರೆ ಏನಾಗುತ್ತದೆ? ಪಟ್ ಅಂತು, ಬೋರ್ಡಿನ ತಾಮ್ರದ ಟ್ರ್ಯಾಕ್ ಕಿತ್ತು ಎದ್ದಿತು, ಕೈಯಿಂದ ಸುಮಾರು 1,800 ಹೋಯಿತು. ಇನ್ನೊಂದು ಸಲ ಪಕ್ಕದ ಅಂಗಡಿಯ ಇಸ್ತ್ರಿ ಪೆಟ್ಟಿಗೆಗೆ ಹಳೇ ವೈರು ಜೋಡಿಸುವಾಗ ಫೇಸ್‌ನ ಕೆಂಪು, ಅರ್ತ್‌ನ ಹಸಿರು ಅದಲುಬದಲು. ಪುಣ್ಯಕ್ಕೆ ಕೊಡೋ ಮುಂಚೆ ಟೆಸ್ಟರ್ ಇಟ್ಟೆ. ಪೆಟ್ಟಿಗೆ ಮೈಯೆಲ್ಲ ಫೇಸ್. ಅವತ್ತು ರಾತ್ರಿ ಊಟ ಸೇರಲಿಲ್ಲ. ಈಗಿನ ಕಂದು-ನೀಲಿ-ಹಸಿರುಹಳದಿ ವೈರು ಬಂದ ಮೇಲೆ ನಾನು ಬಣ್ಣ ನೋಡುವುದೇ ಇಲ್ಲ. ಪಟ್ಟೆ ಇರೋದು ಅರ್ತ್, ಅಷ್ಟೇ. ಹಳೇ ವೈರಿಂಗ್ ಆದರೆ ಇವತ್ತಿಗೂ ಬಣ್ಣ ನಂಬಲ್ಲ, ಟೆಸ್ಟರ್ ನಂಬುತ್ತೇನೆ.

'ಮೀಟರ್ ಇಟ್ಟು ನೋಡಬಹುದಲ್ಲ ಮಾರಾಯ' ಅಂತ ಕೇಳೋರಿಗೆ: ಹೊಸದಕ್ಕೆ ಸರಿ. ಸುಟ್ಟಿದ್ದು ಓಪನ್, ಅಂದರೆ ಒಳಗೇ ಕಡಿದುಹೋಗಿದೆ ಅಂತ ತೋರಿಸುತ್ತದೆ, ಬೋರ್ಡ್ ಮೇಲೆ ಇರೋದು ಅಕ್ಕಪಕ್ಕದ್ದನ್ನೂ ಸೇರಿಸಿಕೊಂಡು ಸುಳ್ಳು ಹೇಳುತ್ತದೆ. ಪಟ್ಟೆ ಓದಲೇಬೇಕು.

ಬಣ್ಣಗುರುಡಿಗೆ ಅಂತ ಮಾರುವ ಕನ್ನಡಕದ ಕಥೆಯನ್ನೂ ಹೇಳಿಬಿಡುತ್ತೇನೆ. ಹಾಕಿಕೊಂಡ ತಕ್ಷಣ ಜನ ಅಳುವ ವಿಡಿಯೋ ನೋಡಿ 14 ಸಾವಿರ ಕೊಟ್ಟು ತರಿಸಿದೆ. ನನಗೂ ಅಳು ಬಂತು, ದುಡ್ಡು ನೆನೆದು. ಕೆಲವು ಬಣ್ಣ ಸ್ವಲ್ಪ ಗಾಢವಾಯಿತು ನಿಜ, ಆದರೆ ಇಶಿಹಾರ ಪುಟದಲ್ಲಿ 8 ಹೋಗಿ 3 ಆಗಿದ್ದು 3 ಆಗಿಯೇ ಉಳಿಯಿತು. ಕಣ್ಣಿನೊಳಗೆ ಇಲ್ಲದ್ದನ್ನು ಗಾಜು ಎಲ್ಲಿಂದ ತಂದುಕೊಡುತ್ತದೆ? ಗಾಜಿಗೆ ಬರೋದು ಬೆಳಕು ಸೋಸೋದು ಮಾತ್ರ. ಮೊಬೈಲ್‌ನ ಬಣ್ಣ ಹೇಳುವ ಆಪ್ ಕೂಡ ನೋಡಿದೆ. ಟ್ಯೂಬ್‌ಲೈಟ್ ಕೆಳಗೆ ಒಂದು ಹೇಳುತ್ತದೆ, ಬಿಸಿಲಲ್ಲಿ ಇನ್ನೊಂದು.

ದಾರಿ ಸಿಕ್ಕಿದ್ದು ಗಣೇಶನ ಹಬ್ಬದಲ್ಲಿ. ಸೀರಿಯಲ್ ಸೆಟ್ ರಿಪೇರಿಗೆ ಬಂದಿತ್ತು, ಬರೀ ಕೆಂಪು ಎಲ್‌ಇಡಿಯ ಸರ. ಬ್ಯಾಟರಿ ಕೊಟ್ಟು ಹತ್ತಿಸಿದೆ, ಅಷ್ಟರಲ್ಲಿ ಕರೆಂಟ್ ಹೋಯಿತು. ಆ ಕೆಂಪು ಬೆಳಕಲ್ಲಿ ಮೇಜಿನ ಮೇಲಿದ್ದ ಎರಡು ರೆಸಿಸ್ಟೆನ್ಸ್ ಕಣ್ಣಿಗೆ ಬಿದ್ದವು. ಒಂದರಲ್ಲಿ ಮೂರನೇ ಪಟ್ಟೆಯೇ ಇಲ್ಲ! ಇನ್ನೊಂದರಲ್ಲಿ ಮೂರನೆಯದು ಕಾಡಿಗೆ ಥರ ಕಪ್ಪು. ಕರೆಂಟ್ ಬಂದ ಮೇಲೆ ಮಗಳನ್ನು ಕೇಳಿದೆ. ಮಾಯವಾಗಿದ್ದು ಕೆಂಪು, ಕಪ್ಪಾಗಿದ್ದು ಹಸಿರು. ಹಿಂದೆ ಎರಡೂ ನನಗೆ ಒಂದೇ ಆಗಿದ್ದವು.

ಈಗ ಎರಡು ಟಾರ್ಚ್ ಇಟ್ಟುಕೊಂಡಿದ್ದೇನೆ, ಒಂದು ಕೆಂಪು ಎಲ್‌ಇಡಿ, ಒಂದು ಹಸಿರು. ಮೇಜಿನ ಲೈಟ್ ಆರಿಸಿ ಕೆಂಪು ಬಿಟ್ಟರೆ ಬಿಸ್ಕತ್ ಬಣ್ಣದ ರೆಸಿಸ್ಟೆನ್ಸ್ ಮೇಲೆ ಕೆಂಪು, ಕಿತ್ತಳೆ ಮಾಯ, ಹಸಿರು ಕಪ್ಪು. ಹಸಿರು ಬಿಟ್ಟರೆ ಕೆಂಪೇ ಕಪ್ಪಾಗುತ್ತದೆ. ಎರಡರಲ್ಲೂ ಮಬ್ಬಾಗಿ ನಿಂತರೆ ಕಂದು. ನೀಲಿ ಮೈಯ ಮೆಟಲ್ ಫಿಲ್ಮ್ ರೆಸಿಸ್ಟೆನ್ಸ್‌ನಲ್ಲಿ ಲೆಕ್ಕ ತಲೆಕೆಳಗು, ಕೆಂಪು ಟಾರ್ಚ್‌ಗೆ ಮೈ ಕಪ್ಪಾಗಿ ಕೆಂಪು ಪಟ್ಟೆ ಹೊಳೆಯುತ್ತದೆ. ಕೆಂಪನ್ನೂ ಕಿತ್ತಳೆಯನ್ನೂ ಬೇರೆ ಮಾಡೋಕೆ ಇನ್ನೊಂದು ಉಪಾಯ ಇದೆ, ಅದನ್ನು ಇಲ್ಲಿ ಬರೆಯಲ್ಲ. ಹೊಟ್ಟೆಪಾಡು. ಮೊದಲ ವಾರ ನೂರಕ್ಕೆ ಏಳೆಂಟು ತಪ್ಪಿದೆ, ಈಗ ತಿಂಗಳಿಗೆ ಒಂದು ತಪ್ಪಿದರೆ ಹೆಚ್ಚು. ಎರಡೂ ಟಾರ್ಚ್‌ಗೆ ಬಿದ್ದ ಖರ್ಚು 180 ರೂಪಾಯಿ ಇರಬೇಕು. 14 ಸಾವಿರದ ಕನ್ನಡಕ ಡ್ರಾಯರ್‌ನಲ್ಲಿದೆ.

ನೆಂಟರಲ್ಲಿ ಒಬ್ಬನಿಗೆ ಇದು ಸರಿಹೋಗಲಿಲ್ಲ. ಅವನಿಗೆ ಕೊರತೆ ಇರೋದು ಕೆಂಪಿನ ಕಡೆಯದು, ಕೆಂಪು ಬೆಳಕೇ ಮಂಕಾಗಿ ಕಾಣುತ್ತದೆ. ನನ್ನದು ಹಸಿರಿನ ಕಡೆಯದು. ಕಣ್ಣಿನ ಡಾಕ್ಟರ ಹತ್ತಿರ ಯಾವುದು ಅಂತ ತಿಳಿದುಕೊಂಡು ಆಮೇಲೆ ಟಾರ್ಚ್ ಕೊಳ್ಳಿ.

ಸುಮ್ನೆ ಕೂರೋ ಜೀವ ಅಲ್ಲ, ಕೆಂಪು ಟಾರ್ಚನ್ನು ಟೊಮೆಟೊ ಮೇಲೂ ಬಿಟ್ಟೆ. ಹಣ್ಣಾಗಿದ್ದು ಹೊಳೆಯುತ್ತದೆ, ಕಾಯಿ ಮಂಕು. ಸಂತೆಯಲ್ಲಿ ಬಿಸಿಲಿಗೆ ಟಾರ್ಚ್ ನಡೆಯಲ್ಲ, ಕೆಂಪು ಜಿಲೇಟಿನ್ ಕಾಗದ ಕಣ್ಣಿಗೆ ಹಿಡಿದು ಆರಿಸಿದೆ. ಹಣ್ಣು ಸರಿಯಾಗಿ ಸಿಕ್ಕಿತು, ಹೆಂಡತಿ ಮಾತ್ರ 'ನನ್ ಜೊತೆ ಬರ್ಬೇಡಿ' ಅಂದಳು. ಚಿಕ್ಕಮಗಳೂರಿನ ಮಾವನ ತೋಟದಲ್ಲಿ ಅದೇ ಕಾಗದ ಹಿಡಿದು ಕಾಫಿ ಗಿಡ ನೋಡಿದೆ. ಅಷ್ಟು ವರ್ಷ ಎಲೆಯೊಳಗೆ ಅಡಗಿ ಕೂರುತ್ತಿದ್ದ ಹಣ್ಣೆಲ್ಲ ಕಪ್ಪು ಎಲೆ ಮಧ್ಯೆ ಬಿಳೀ ಮಣಿ ಹಾಗೆ ಕಂಡವು. ಸ್ವಲ್ಪ ಹೊತ್ತು ಅಲ್ಲೇ ನಿಂತುಬಿಟ್ಟೆ. ಇನ್ನು ಚಾರ್ಜರ್‌ನಲ್ಲಿ ಫುಲ್ ಆದರೆ ಹಸಿರು ಅನ್ನೋ ಎರಡು ಬಣ್ಣದ ಎಲ್‌ಇಡಿ ನನಗೆ ದಂಡ. ನಮ್ಮ ಮನೆಯದ್ದಕ್ಕೆಲ್ಲ ಹಸಿರು ಕಿತ್ತು ನೀಲಿ ಹಾಕಿದ್ದೇನೆ. ಟ್ರಾಫಿಕ್ ಸಿಗ್ನಲ್‌ನ ಹಸಿರಿನಲ್ಲಿ ನೀಲಿ ಜಾಸ್ತಿ, ನನಗೆ ಬೆಳ್ಳಗೆ ಕಾಣುತ್ತದೆ. ಹಾಗಾಗಿ ಗಾಡಿ ಓಡಿಸೋಕೆ ತೊಂದರೆಯಿಲ್ಲ.

ಹೋದ ತಿಂಗಳು ಗುರುಗಳು ಒಂದು ಸ್ಟೆಬಿಲೈಸರ್ ಬೋರ್ಡ್ ಹಿಡಿದು ಬಂದರು. ಒಂದು ರೆಸಿಸ್ಟೆನ್ಸ್ ಹೊಗೆ ಹತ್ತಿ ಕರಕಲು, ಕಣ್ಣು ಸರಿಯಿರೋರಿಗೂ ಪಟ್ಟೆ ಎಲ್ಲ ಒಂದೇ ಕಂದು. ಲೈಟ್ ಆರಿಸಿದೆ, ಎರಡೂ ಟಾರ್ಚ್ ಒಂದಾದ ಮೇಲೊಂದು ಬಿಟ್ಟೆ. 'ನಾಲ್ಕು ಪಾಯಿಂಟ್ ಏಳು ಕೆ ಸಾರ್' ಅಂದೆ. ಹೊಸದು ಹಾಕಿದೆ, ಬೋರ್ಡ್ ಎದ್ದಿತು. ಅವರು ಟಾರ್ಚ್ ತಿರುಗಿಸಿ ತಿರುಗಿಸಿ ನೋಡಿ, 'ಒಳಗೆ ಏನು ಹಾಕಿದ್ದೀಯೋ' ಅಂದರು. ಹೇಳಲಿಲ್ಲ. 250 ಬಿಲ್ ಮಾಡಿದೆ. ಚೌಕಾಸಿ ಮಾಡದೆ ಕೊಟ್ಟರು.