ಫಿಲ್ಟರ್ ಕೊಡವಿ ಕೊಡವಿ ಇಂಜಿನ್ ಕಳಕೊಂಡೆ

ನಮ್ಮೂರು ಕಾರಟಗಿ ಹತ್ತಿರ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಎತ್ತ ನೋಡಿದರೂ ಭತ್ತ. 2017ರಲ್ಲಿ ನಾನೂ ನಮ್ಮ ಸೋದರಮಾವನ ಮಗನೂ ಸೇರಿ ಒಂದು ಹಳೇ ಹಾರ್ವೆಸ್ಟರ್ ತಗೊಂಡೆವು. ಪಂಜಾಬಿನಲ್ಲಿ ತಯಾರಾದ ಟೈರ್ ಮಷಿನ್. 14 ಅಡಿ ಕಟರ್, ಆರು ಸಿಲಿಂಡರ್ ಇಂಜಿನ್. ಗದ್ದೆಯಲ್ಲಿ ಕೆಸರಿದ್ದರೆ ಟೈರಿನ ಬದಲು ಪಟ್ಟಿ ಮೇಲೆ ಓಡುವ ಚೈನ್ ಮಷಿನ್‌ಗಳಿಗೆ ಕೆಲಸ, ನೆಲ ಒಣಗಿದ ಮೇಲೆ ನಮ್ಮ ಸರದಿ. ಡ್ರೈವರ್ ಒಬ್ಬ, ಕ್ಲೀನರ್ ಹುಡುಗ ಒಬ್ಬ, ಡೀಸೆಲ್ ತರೋಕೆ, ಲೆಕ್ಕ ಬರೆಯೋಕೆ ನಾನು.

ಇಂಜಿನ್ನಿಗೆ ಹೋಗುವ ಗಾಳಿ ಸೋಸುವ ಏರ್ ಫಿಲ್ಟರ್ ವಿಷಯದಲ್ಲಿ ನಾನು ಮೊದಲಿನಿಂದಲೂ ಬಹಳ ಕಟ್ಟುನಿಟ್ಟು. ಸುತ್ತಮುತ್ತಲ ಮಷಿನ್‌ನವರು ವಾರಗಟ್ಟಲೆ ಫಿಲ್ಟರಿನ ಡಬ್ಬಿ ಬಿಚ್ಚದೆ ಓಡಿಸುತ್ತಿದ್ದರು. ನಾನು ದಿನಾ ಸಂಜೆ ಬಿಚ್ಚಿಸುತ್ತಿದ್ದೆ. ಹೊರಗಿನ ದೊಡ್ಡ ಫಿಲ್ಟರ್, ಒಳಗಿನ ಸಣ್ಣದು, ಎರಡನ್ನೂ ತೆಗೆದು ಟೈರಿಗೆ ನಾಲ್ಕು ಏಟು ಬಡಿಯೋದು, ಆಮೇಲೆ ಪಂಕ್ಚರ್ ಅಂಗಡಿಗೆ ಒಯ್ದು ಕಂಪ್ರೆಸರ್ ಗಾಳಿ ಹೊಡೆಸೋದು. ಕರಿ ಮೋಡದ ಹಾಗೆ ಧೂಳು ಎದ್ದರೆ ನನಗೆ ಸಮಾಧಾನ. ಇಂಜಿನ್ ಎಷ್ಟು ಚೆನ್ನಾಗಿ ನೋಡ್ಕೊಂಡಿದೀನಿ ಅಂತ ನಾಲ್ಕು ಜನರ ಮುಂದೆ ಹೇಳಿಕೊಂಡದ್ದೂ ಉಂಟು. ಭತ್ತದಲ್ಲಿ ಇದು ಹೇಗೋ ನಡೆದುಹೋಯಿತು.

2023ರಲ್ಲಿ ಮಳೆ ಕೈಕೊಟ್ಟಿತು. ಡ್ಯಾಮ್ ತುಂಬಲಿಲ್ಲ, ಬೇಸಿಗೆ ಬೆಳೆಗೆ ಕಾಲುವೆಗೆ ನೀರು ಬಿಡಲಿಲ್ಲ. ಏಪ್ರಿಲ್ ಕಟಾವು ಇಲ್ಲ ಅಂದರೆ ಸಾಲದ ಕಂತು ಎಲ್ಲಿಂದ ಕಟ್ಟೋದು? ಮಷಿನ್ ಸುಮ್ನೆ ನಿಲ್ಲಿಸೋಕಾಗಲ್ಲ. 2024ರ ಫೆಬ್ರುವರಿಯಲ್ಲಿ ಕಡಲೆ ಕಟಾವಿಗೆ ಅಂತ ರೋಣ, ನರಗುಂದ, ನವಲಗುಂದದ ಎರೆ ಹೊಲಗಳ ಕಡೆ ಹೊಡೆದುಕೊಂಡು ಹೋದೆವು.

ಧೂಳು ಅಂದರೆ ಏನು ಅಂತ ಗೊತ್ತಾದದ್ದು ಅಲ್ಲಿ. ಭತ್ತದ ಧೂಳು ಹೊಟ್ಟಿನ ಧೂಳು. ಮೈ ಕಡಿಯುತ್ತದೆ, ರೇಡಿಯೇಟರ್ ಜಾಳಿಗೆಗೆ ಮೆತ್ತಿಕೊಳ್ಳುತ್ತದೆ, ಆದರೆ ಕಣ್ಣಿಗೆ ಕಾಣುತ್ತದೆ. ಕಡಲೆಯಲ್ಲಿ ಹಾಗಲ್ಲ. ಆ ಕಡೆ ಹೆಚ್ಚಾಗಿ ಹಾಕುವ ಜೆಜಿ 11 ತಳಿಯದು ಗಿಡ್ಡ ಗಿಡ, ಮೊಣಕಾಲೆತ್ತರವೂ ಬರಲ್ಲ. ಆ ವರ್ಷವಂತೂ ತೇವ ಸಾಲದೆ ಇನ್ನೂ ಗಿಡ್ಡ, ತೆಳ್ಳಗೆ. ಕಾಯಿ ಹೊಲದಲ್ಲೇ ಉಳಿಯಬಾರದು ಅಂದರೆ ಕಟರ್ ನೆಲ ಸವರಿಕೊಂಡೇ ಹೋಗಬೇಕು. ಬಿರುಕು ಬಿಟ್ಟ ಎರೆಮಣ್ಣು ಬೆಳೆಯ ಜೊತೆಗೇ ಮಷಿನ್ ಒಳಗೆ ಬರುತ್ತದೆ. ಕಾಳು ಬಿಡಿಸುವ ಡ್ರಮ್ಮು ಅದನ್ನು ಹಿಟ್ಟು ಮಾಡಿ ಹಿಂದೆ ಊದುತ್ತದೆ. ಮಧ್ಯಾಹ್ನ ಎರಡು ಗಂಟೆಗೂ ಹೆಡ್‌ಲೈಟ್ ಹಾಕಿದ್ದೆವು ಅಂದರೆ ನಂಬಿ. ಒಣಗಿದ ಕಡಲೆ ಗಿಡದ ಧೂಳಿನಲ್ಲಿ ಹುಳಿ ಬೇರೆ, ಗೀರಿದ ಕೈಗೆ ತಾಗಿದರೆ ಚುರ್ ಅನ್ನುತ್ತದೆ.

ಸರಿ, ಧೂಳು ಜಾಸ್ತಿ ಅಲ್ವಾ, ಕ್ಲೀನಿಂಗೂ ಜಾಸ್ತಿ ಮಾಡೋಣ ಅಂತ ನನ್ನ ಲೆಕ್ಕ. ದಿನಕ್ಕೆ ಮೂರು ಸಲ, ಕೆಲವು ದಿನ ನಾಲ್ಕು ಸಲ. ಹೊಲದ ನಡುವೆಯೇ ನಿಲ್ಲಿಸಿ, ಡಬ್ಬಿ ಬಿಚ್ಚಿ, ಬಡಿದು, ಹಾಕಿ, ಮತ್ತೆ ಓಡಿಸು.

ಇಪ್ಪತ್ತು ದಿನಕ್ಕೆ ಇಂಜಿನ್ ಆಯಿಲ್ ಕುಡಿಯಲು ಶುರು ಮಾಡಿತು. ಮೊದಲು ಎರಡು ದಿನಕ್ಕೆ ಅರ್ಧ ಲೀಟರ್, ಆಮೇಲೆ ದಿನಾ ಒಂದು. ಇಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಬುಸ್ ಬುಸ್ ಅಂತ ಹೊಗೆ. ಏರು ಬಂದರೆ ಮೂರನೇ ಗೇರಿಗೂ ಉಸ್ಸಪ್ಪಾ ಅನ್ನುತ್ತಿತ್ತು. ಡೀಸೆಲ್ ಫಿಲ್ಟರ್ ಬದಲಿಸಿದೆವು, ಪಂಪ್ ನೋಡಿಸಿದೆವು. ಒಬ್ಬರು ದಪ್ಪ ಆಯಿಲ್ ಹಾಕಿ ನೋಡಿ ಅಂದರು, ಅದನ್ನೂ ಮಾಡಿದೆವು. ಕೊನೆಗೆ ಲಾರಿ ಇಂಜಿನ್ ಕೆಲಸ ಮಾಡುವ ಒಬ್ಬ ಹಳೇ ಮೇಸ್ತ್ರಿಯನ್ನು ಕರೆಸಿದೆ.

ಅವರು ಬಂದು ಇಂಜಿನ್ ಮುಟ್ಟಲೇ ಇಲ್ಲ. ಫಿಲ್ಟರ್ ಡಬ್ಬಿಯಿಂದ ಇಂಜಿನ್ ಕಡೆ ಹೋಗುವ ರಬ್ಬರ್ ಹೋಸ್ ಬಿಚ್ಚಿದರು. ಹೆಗಲ ಮೇಲಿನ ಬಿಳಿ ಟವೆಲ್ಲಿನ ತುದಿ ಬೆರಳಿಗೆ ಸುತ್ತಿಕೊಂಡು ಹೋಸಿನ ಒಳಗೆ ಒಂದು ಸುತ್ತು ತಿರುಗಿಸಿ ಹೊರಗೆ ತೆಗೆದರು. ಕಾಡಿಗೆ ಡಬ್ಬಿಗೆ ಅದ್ದಿದ ಹಾಗಿತ್ತು ಆ ತುದಿ. ಅದು ಫಿಲ್ಟರ್ ದಾಟಿ ಬಂದ ಗಾಳಿ ಹೋಗುವ ಜಾಗ. ಅಲ್ಲಿ ಒಂದು ಕಣ ಧೂಳೂ ಇರಬಾರದು. ಆಮೇಲೆ ಹೊರಗಿನ ಫಿಲ್ಟರ್ ತರಿಸಿ, ಮೊಬೈಲ್ ಟಾರ್ಚ್ ಹಚ್ಚಿ ಅದರ ಹೊಟ್ಟೆಯೊಳಗೆ ಇಳಿಬಿಟ್ಟು, ತಲೆಗೂ ಫಿಲ್ಟರಿಗೂ ಸೇರಿಸಿ ಗೋಣಿಚೀಲ ಮುಚ್ಚಿಕೊಂಡು ನೋಡಿದರು. ನನ್ನನ್ನೂ ಕರೆದು ತೋರಿಸಿದರು. ಕತ್ತಲಲ್ಲಿ ಕಾಗದದ ಮಡಿಕೆಗಳ ನಡುವೆ ಸೂಜಿಮೊನೆಯಂಥ ಐದಾರು ಚುಕ್ಕಿ ಬೆಳಕು. ಒಂದು ಕಡೆ ಮಡಿಕೆ ಉದ್ದಕ್ಕೆ ಸೀಳಿತ್ತು. ಬಾಯಿಯ ರಬ್ಬರ್ ಕೂರುವ ಕಡೆ ತಗಡು ಟೈರಿಗೆ ಬಡಿದು ಬಡಿದು ಸೊಟ್ಟಗಾಗಿತ್ತು. ಒಳಗಿನ ಫಿಲ್ಟರ್ ಸ್ಥಿತಿ ಇನ್ನೂ ಕೆಟ್ಟದು.

"ಗೌಡ್ರ, ಇದು ಹೊಲಸಾಗಿ ಕೆಟ್ಟಿಲ್ರೀ. ನೀವು ಹಸನ ಮಾಡಿ ಮಾಡಿ ಕೆಡಿಸೀರಿ" ಅಂದರು.

ಇಂಜಿನ್ನಿನ ಹೆಡ್ ಬಿಚ್ಚಿದಾಗ ಲೈನರ್, ಅಂದರೆ ಪಿಸ್ಟನ್ ಓಡಾಡುವ ಕೊಳವೆಯ ಮೇಲ್ಭಾಗದಲ್ಲಿ ಉಗುರು ತಡೆಯುವಷ್ಟು ಮೆಟ್ಟಿಲು ಬಿದ್ದಿತ್ತು. ಪಿಸ್ಟನ್ನಿನ ಮೇಲಿನ ರಿಂಗುಗಳು ತಗಡಿನಷ್ಟು ತೆಳ್ಳಗಾಗಿದ್ದವು. ಆರು ಲೈನರ್, ಪಿಸ್ಟನ್, ರಿಂಗು, ಬೇರಿಂಗು. ಆ ಸೀಸನ್ ದುಡಿದದ್ದೆಲ್ಲ ಅಲ್ಲೇ ಹೋಯಿತು, ಮೇಲೆ ಇನ್ನಷ್ಟು ಸಾಲ.

ಆಮೇಲೆ ಮೇಸ್ತ್ರಿ ಹೇಳಿದ್ದನ್ನೂ ಮಷಿನ್ ಜೊತೆ ಬಂದ ಪುಸ್ತಕವನ್ನೂ ಇಟ್ಟುಕೊಂಡು ಕೂತು ಯೋಚಿಸಿದೆ. ಆ ಪುಸ್ತಕ ಆರು ವರ್ಷ ಟೂಲ್ ಬಾಕ್ಸಲ್ಲೇ ಬಿದ್ದಿತ್ತು! ಕಾಗದದ ಫಿಲ್ಟರ್ ಹೊಸದಾಗಿದ್ದಾಗಿನದಕ್ಕಿಂತ ಮೇಲೆ ತೆಳುವಾಗಿ ಧೂಳು ಕೂತ ಮೇಲೆ ಚೆನ್ನಾಗಿ ಸೋಸುತ್ತದೆ. ಮನೆಯಲ್ಲಿ ಬಟ್ಟೆ ಕಟ್ಟಿ ಏನಾದರೂ ಸೋಸುವಾಗ ನೋಡಿ, ಮೊದಲು ಕದಡು ನೀರು ಇಳಿಯುತ್ತದೆ, ಬಟ್ಟೆಗೆ ಗಸಿ ಕೂತ ಮೇಲೆ ತಿಳಿ ಬರುತ್ತದೆ. ನಾನು ಆ ಗಸಿಯನ್ನು ದಿನಕ್ಕೆ ನಾಲ್ಕು ಸಲ ತೊಳೆದು ಬಿಸಾಕುತ್ತಿದ್ದೆ. ಮೇಲೆ ಪಂಕ್ಚರ್ ಅಂಗಡಿಯ, ಒತ್ತಡದ ಅಳತೆಯಲ್ಲಿ ನೂರು ಪಿಎಸ್‌ಐ ದಾಟಿದ ಗಾಳಿ ಬೇರೆ. ಕಾಗದ ಹೇಗೆ ತಡೆದೀತು? ಇನ್ನೊಂದು, ಧೂಳು ಹಾರುವ ಹೊಲದಲ್ಲಿ ಡಬ್ಬಿ ಬಿಚ್ಚಿದ ಪ್ರತಿ ಸಲವೂ ಒಂದಿಷ್ಟು ಮಣ್ಣು ಒಳಗಿನ ಬಾಯಿಗೆ ಬಿದ್ದೇ ಬೀಳುತ್ತದೆ. ಒಳಗಿನ ಫಿಲ್ಟರ್ ಇರುವುದೇ ಇದಕ್ಕೆ, ಹೊರಗಿನದನ್ನು ತೆಗೆದಾಗ ಕಾವಲು ಇರಲಿ ಅಂತ. ನಾವು ಕಾವಲುಗಾರನನ್ನೂ ಎಬ್ಬಿಸಿ ಹೊರಗೆ ಕಳಿಸುತ್ತಿದ್ದೆವು.

ಕಟ್ಟಿಕೊಂಡ ಫಿಲ್ಟರ್ ಏನು ಮಾಡುತ್ತದೆ? ಕರಿ ಹೊಗೆ, ಪವರ್ ಕಡಿಮೆ, ಡೀಸೆಲ್ ಜಾಸ್ತಿ. ಕಿರಿಕಿರಿ ನಿಜ, ಆದರೆ ಗೊತ್ತಾಗುತ್ತದೆ, ಬದಲಿಸಿದರೆ ಸರಿಹೋಗುತ್ತದೆ. ತೂತಾದ ಫಿಲ್ಟರ್ ಹಾಗಲ್ಲ. ಇಂಜಿನ್ ಆರಾಮಾಗಿ ಉಸಿರಾಡುತ್ತಾ ಮಣ್ಣು ತಿನ್ನುತ್ತಿರುತ್ತದೆ. ಗೊತ್ತಾಗುವ ಹೊತ್ತಿಗೆ ಲೈನರ್ ಸವೆದಿರುತ್ತದೆ.

ಈಗ ನಾನು ಮಾಡೋದು ಹೀಗೆ. ಡಬ್ಬಿಯ ಹೊರದಾರಿಗೆ ಒಂದು ಸಣ್ಣ ಸೂಚಕ ಹಾಕಿಸಿದ್ದೇನೆ. ಗಾಜಿನಂಥ ಪ್ಲಾಸ್ಟಿಕ್ಕು, ಹೆಬ್ಬೆರಳಿನಷ್ಟು ದಪ್ಪ. ಇಂಜಿನ್ ಗಾಳಿ ಎಳೆಯಲು ತುಂಬಾ ಕಷ್ಟಪಟ್ಟರೆ ಅದರೊಳಗೆ ಕೆಂಪು ಪಟ್ಟಿ ಏರುತ್ತದೆ, ಇಂಜಿನ್ ಬಂದ್ ಮಾಡಿದರೂ ಅಲ್ಲೇ ನಿಂತಿರುತ್ತದೆ. ಗುಂಡಿ ಒತ್ತಿದರೆ ಇಳಿಯುತ್ತದೆ. ನಮ್ಮದು 25 ಇಂಚಿನದು. ಅಂದರೆ ಕೊಳವೆಯಲ್ಲಿ ನೀರನ್ನು 25 ಇಂಚು ಮೇಲಕ್ಕೆಳೆಯುವಷ್ಟು ಜೋರಾಗಿ ಇಂಜಿನ್ ಎಳೆಯಬೇಕಾಗಿ ಬಂದಾಗ ಕೆಂಪಾಗುತ್ತದೆ. ಮಷಿನ್ ಬಂದಾಗಲೇ ಇದು ಇರಬೇಕಿತ್ತು, ಹಳೇ ಮಾಲೀಕರು ಮುರಿದದ್ದನ್ನು ಕಿತ್ತು ಆ ತೂತಿಗೆ ಒಂದು ಬೋಲ್ಟ್ ಜಡಿದಿದ್ದರು. ಕೆಂಪು ಕಾಣುವವರೆಗೆ ಡಬ್ಬಿ ಮುಟ್ಟೋ ಹಾಗಿಲ್ಲ ಅಂತ ಡ್ರೈವರಿಗೆ ಹೇಳಿದ್ದೇನೆ. ಮೊದಲ ವಾರ ನನಗೇ ಕೈ ತುರಿಸುತ್ತಿತ್ತು.

ಕೆಂಪಾದರೂ ಹೊಲದಲ್ಲಿ ಕ್ಲೀನ್ ಮಾಡುವುದಿಲ್ಲ. ಇನ್ನೊಂದು ಹೊರಗಿನ ಫಿಲ್ಟರ್ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಜೀಪಿನಲ್ಲಿ ಇಟ್ಟಿರುತ್ತೇವೆ. ಮಷಿನ್ನನ್ನು ಧೂಳಿನಿಂದ ಈಚೆ ಬದುವಿನ ಹತ್ತಿರ ತಂದು, ಐದು ನಿಮಿಷ ಬಿಟ್ಟು, ಮೊದಲು ಡಬ್ಬಿಯ ಹೊರಮೈ ಒರೆಸುತ್ತೇವೆ. ಮುಚ್ಚಳದ ಮೇಲೆ ಕೂತ ಮಣ್ಣೇ ಬಿಚ್ಚಿದಾಗ ಒಳಗೆ ಉದುರೋದು. ಹೊರಗಿನದನ್ನು ತಿರುಗಿಸಿಕೊಂಡು ಮೆಲ್ಲಗೆ ಎಳೆದು, ಒಳಗಿನದನ್ನು ಇದ್ದಲ್ಲೇ ಬಿಟ್ಟು, ಡಬ್ಬಿಯ ಒಳಗೆ ಒದ್ದೆ ಬಟ್ಟೆ ಆಡಿಸಿ, ಇನ್ನೊಂದನ್ನು ಕೂರಿಸುತ್ತೇವೆ. ರಬ್ಬರ್ ಕೂರುವ ಜಾಗಕ್ಕೆ ಕೆಲವರು ಗ್ರೀಸ್ ಹಚ್ಚುತ್ತಾರೆ. ನಾನೂ ಹಚ್ಚುತ್ತಿದ್ದೆ. ಅದು ಧೂಳಿಗೆ ಅಂಟು ಹಚ್ಚಿದ ಹಾಗೆ, ಬಿಟ್ಟುಬಿಟ್ಟೆ. ಈಗ ಆ ರಬ್ಬರಿನ ಮೇಲೆ ಧೂಳಿನ ಗೆರೆ ಏನಾದರೂ ಅಡ್ಡಕ್ಕೆ ದಾಟಿದೆಯಾ ಅಂತ ಮಾತ್ರ ನೋಡುತ್ತೇನೆ. ಗೆರೆ ದಾಟಿದ್ದರೆ ಅಲ್ಲಿ ಗಾಳಿ ನುಸುಳುತ್ತಿದೆ ಅಂತಲೇ ಅರ್ಥ.

ತೆಗೆದದ್ದನ್ನು ರಾತ್ರಿ ಬಿಡಾರದಲ್ಲಿ ಕ್ಲೀನ್ ಮಾಡುತ್ತೇವೆ. ಮೀಟರ್ ಇರುವ ಸಣ್ಣ ಕಂಪ್ರೆಸರ್ ಕೊಂಡಿದ್ದೇನೆ, 30 ಪಿಎಸ್‌ಐ ದಾಟಿಸುವುದಿಲ್ಲ. ಗಾಳಿ ಒಳಗಿನಿಂದ ಹೊರಗೆ, ಮಡಿಕೆಯ ಉದ್ದಕ್ಕೆ ಮೇಲೆ ಕೆಳಗೆ. ಮೂತಿ ಕಾಗದಕ್ಕೆ ತಾಗುವಂತಿಲ್ಲ. ಹೊರಗಿನಿಂದ ಹೊಡೆದರೆ ಧೂಳು ಕಾಗದದೊಳಕ್ಕೇ ಇಳಿದು ಕೂರುತ್ತದೆ. ಆಮೇಲೆ ಟಾರ್ಚು, ಗೋಣಿಚೀಲ. ಒಂದೇ ಒಂದು ಚುಕ್ಕಿ ಕಂಡರೂ ಫಿಲ್ಟರ್ ಸೀದಾ ಕಸಕ್ಕೆ. ಈ ಕೆಲಸ ಕ್ಲೀನರ್ ಹುಡುಗನಿಗೆ ಬಹಳ ಇಷ್ಟ, "ಅಣ್ಣಾ, ಚುಕ್ಕಿ ಇಲ್ಲ" ಅಂತ ಚೀಲದೊಳಗಿಂದಲೇ ಕೂಗುತ್ತಾನೆ. ಚುಕ್ಕಿ ಇಲ್ಲದಿದ್ದರೂ ಮೂರು ಸಲಕ್ಕಿಂತ ಜಾಸ್ತಿ ಕ್ಲೀನ್ ಮಾಡುವುದಿಲ್ಲ. ಫಿಲ್ಟರಿನ ತಲೆಯ ತಗಡಿನ ಮೇಲೆ ಮಾರ್ಕರ್‌ನಿಂದ ಒಂದೊಂದು ಗೀಟು ಹಾಕುತ್ತಾ ಹೋಗುತ್ತೇವೆ. ಒಳಗಿನದನ್ನು ಕ್ಲೀನ್ ಮಾಡುವ ಮಾತೇ ಇಲ್ಲ. ಹೊರಗಿನವು ಮೂರು ಬದಲಾದಾಗ ಅದನ್ನು ಒಂದು ಸಲ ಹೊಸದು ಹಾಕುತ್ತೇವೆ. ದುಬಾರಿ ಅನಿಸಬಹುದು. ಒಂದು ಜೊತೆಯ ಬೆಲೆ ಮಷಿನ್ ಒಂದು ದಿನಕ್ಕೆ ಕುಡಿಯುವ ಡೀಸೆಲ್ಲಿಗಿಂತ ಕಡಿಮೆ.

ಫಿಲ್ಟರಿಗೆ ಬರುವ ಮೊದಲೇ ಎಷ್ಟು ಧೂಳು ತಡೆದರೆ ಅಷ್ಟು ಲಾಭ. ಮೇಲೆ ಅಣಬೆ ತಲೆಯ ಹಾಗಿರುವ ಪ್ರೀ ಕ್ಲೀನರ್ ಗಾಳಿಯನ್ನು ಸುತ್ತಿಸಿ ಭಾರದ ಮಣ್ಣನ್ನು ಬೇರೆ ಮಾಡುತ್ತದೆ. ಅದರ ಬಟ್ಟಲು ಅರ್ಧ ತುಂಬುವ ಮೊದಲೇ ಖಾಲಿ ಮಾಡಬೇಕು. ಇದನ್ನು ಮಾತ್ರ ದಿನಕ್ಕೆ ನಾಲ್ಕು ಸಲ ಮಾಡಿ, ಯಾರೂ ಬೇಡ ಅನ್ನಲ್ಲ. ಡಬ್ಬಿಯ ಕೆಳಗೆ ಬಾತುಕೋಳಿ ಕೊಕ್ಕಿನಂಥ ರಬ್ಬರ್ ತುಟಿ ಇರುತ್ತದೆ, ಕೂತ ಧೂಳು ಅಲ್ಲಿಂದ ಉದುರಬೇಕು. ದಿನಾ ಬೆಳಗ್ಗೆ ಅದನ್ನು ಹಿಂಡಬೇಕು. ನಮ್ಮ ಮಷಿನ್‌ನಲ್ಲಿ ಅದು ಬಿದ್ದುಹೋಗಿ, ಯಾವನೋ ಪುಣ್ಯಾತ್ಮ ಹಾಲಿನ ಪ್ಯಾಕೆಟ್ ಸಿಕ್ಕಿಸಿ ತಂತಿ ಕಟ್ಟಿದ್ದ. ಹೋಸ್ ಕ್ಲ್ಯಾಂಪುಗಳಿಗೆ ವಾರಕ್ಕೊಮ್ಮೆ ಸ್ಪ್ಯಾನರ್, ಹೋಸಿನ ಒಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು.

ಗಾಳಿಯ ದಿಕ್ಕನ್ನೂ ನೋಡುತ್ತೇವೆ. ಗಾಳಿ ಬೆನ್ನಿಗಿದ್ದರೆ ನಾವು ಎಬ್ಬಿಸಿದ ಧೂಳು ನಮ್ಮ ಜೊತೆಗೇ ನಡೆದು ಬರುತ್ತದೆ. ಹೊಲದ ಉದ್ದಗಲ ಒಪ್ಪಿದರೆ ಗಾಳಿಗೆ ಅಡ್ಡಲಾಗಿ ಸಾಲು ಹಿಡಿಯುತ್ತೇವೆ. ರೇಡಿಯೇಟರ್ ಜಾಳಿಗೆಯ ಹೊಟ್ಟು ಬೇರೆಯೇ ಕಥೆ, ಅದಕ್ಕೆ ಬ್ಯಾಟರಿ ಬ್ಲೋವರ್ ಹಿಡಿದರೆ ಸಾಕು. ಸೈಲೆನ್ಸರ್ ಸುತ್ತ ಹೊಟ್ಟು ಕೂರಲು ಮಾತ್ರ ಬಿಡಬೇಡಿ, ಬೆಂಕಿ ಹತ್ತುತ್ತದೆ.

ಹೊಸ ಡ್ರೈವರ್ ಬಂದಾಗಲೆಲ್ಲ ಇದೇ ಜಗಳ. ಹೋದ ಕಡಲೆ ಸೀಸನ್‌ನಲ್ಲಿ ಒಬ್ಬ, "ಸಾಹುಕಾರ್ರ, ಫಿಲ್ಟರ್ ಝಾಡಿಸದ ಗಾಡಿ ನಾ ಹೊಡೆಯಂಗಿಲ್ಲ" ಅಂತ ಪಟ್ಟು ಹಿಡಿದ. ಹಳೇ ಲೈನರ್ ಒಂದನ್ನು ಜೀಪಿನಲ್ಲೇ ಇಟ್ಟುಕೊಂಡಿದ್ದೇನೆ. ಅವನ ಕೈಗೆ ಕೊಟ್ಟು, ಒಳಗೆ ಉಗುರು ಆಡಿಸು ಅಂದೆ. ಮೆಟ್ಟಿಲಿಗೆ ಉಗುರು ತಡೆಯಿತು. ಸುಮ್ಮನೆ ವಾಪಸ್ ಕೊಟ್ಟ.

ಸೀಸನ್ ಮುಗಿಸಿ ಶೆಡ್ಡಿಗೆ ಹಾಕುವಾಗ ಇನ್ನೊಂದು ಕೆಲಸ ಇದೆ. ಇಲಿಗಳಿಗೆ ಈ ಕಾಗದ ಬಹಳ ಪ್ರೀತಿ, ಡಬ್ಬಿಯೊಳಗೆ ಗೂಡು ಮಾಡುತ್ತವೆ. ಪ್ರೀ ಕ್ಲೀನರಿಗೆ ಸಣ್ಣ ಕಣ್ಣಿನ ತಂತಿ ಬಲೆ ಸುತ್ತಿ, ಮೇಲೆ ಗೊಬ್ಬರದ ಚೀಲ ಕಟ್ಟುತ್ತೇನೆ. ಚೀಲ ಇರೋದು ಮರೆತು ಯಾರಾದರೂ ಸ್ಟಾರ್ಟ್ ಮಾಡಿಯಾರು ಅಂತ ಸ್ಟೇರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟಿರುತ್ತೇನೆ.