ಭುಜದ ಗಂಟು ಬಿಡಿಸೋಕೆ ಹಳೇ ಟೆನಿಸ್ ಬಾಲ್ ಸಾಕು

ಮೊನ್ನೆ ಕ್ಲಿನಿಕ್ಕಿಗೆ ಬಂದ ಹುಡುಗನ ಬೆನ್ನಲ್ಲಿ ಜಾಮೂನಿನಷ್ಟು ದೊಡ್ಡ ನೀಲಿ ಕಲೆ. ‘ಎಲ್ಲಾದ್ರೂ ಬಿದ್ಯೇನಪ್ಪಾ?’ ಅಂದೆ. ‘ಇಲ್ಲ ಮೇಡಂ, ವಿಡಿಯೊ ನೋಡ್ಕೊಂಡು ಬಾಲ್ ಮೇಲೆ ಮಲಗಿದ್ದೆ’ ಅಂದ. ಕ್ರಿಕೆಟ್ಟಿನ ಲೆದರ್ ಬಾಲ್! ಅದೂ ಕಾಲು ಗಂಟೆ. ಇಂಥವರನ್ನು ನೋಡಿ ನೋಡಿ ಸಾಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಕಂಪ್ಯೂಟರ್ ಮುಂದೆ ಕೂತವರಿಗೆ, ಹೊಲಿಗೆ ಯಂತ್ರ ತುಳಿಯುವವರಿಗೆ ಕತ್ತು ಮತ್ತು ಭುಜದ ನಡುವೆ ಹಿಡಿದುಕೊಳ್ಳುತ್ತದಲ್ಲ, ಆ ಗಂಟಿಗೆ ಟ್ರಿಗರ್ ಪಾಯಿಂಟ್ ಎಂದು ಹೆಸರು. ಸ್ನಾಯುವಿನೊಳಗೆ ತಂತಿಯಂತೆ ಬಿಗಿದ ಎಳೆ, ಅದರ ಮೇಲೆ ಕಡಲೆಕಾಳಿನಷ್ಟು ನೋಯುವ ಜಾಗ. ಈ ನೋವು ಇದ್ದಲ್ಲೇ ಇರುವುದಿಲ್ಲ. ಭುಜದ ಮೇಲಿನ ಗಂಟು ಕಿವಿಯ ಹಿಂದೆ, ಕಣತಲೆಯಲ್ಲಿ ನೋಯಿಸುತ್ತದೆ. ನೋವು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ದೇಹದ ತುಂಬ ನಕ್ಷೆ ಬರೆದವರು ಅಮೆರಿಕದ ಡಾ. ಜಾನೆಟ್ ಟ್ರಾವೆಲ್. 1961ರಲ್ಲಿ ಅಧ್ಯಕ್ಷ ಕೆನಡಿ ಅವರ ವೈದ್ಯೆಯಾದವರು.

ಮೊದಲು ಒಂದು ಮಾತು. ಎದೆನೋವು, ಕೈ ಜೋಮು, ಜ್ವರ ಇದ್ದರೆ, ಬಿದ್ದ ಮೇಲೆ ಶುರುವಾದ ನೋವಾದರೆ, ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ ಬಾಲ್ ಮುಟ್ಟಬೇಡಿ. ಡಾಕ್ಟರ ಹತ್ತಿರ ಹೋಗಿ.

ಬೇಕಾದದ್ದು: ಆಡಿ ಆಡಿ ಮೆತ್ತಗಾದ ಟೆನಿಸ್ ಬಾಲ್, ಉದ್ದನೆಯ ಕಾಲುಚೀಲ, ಗೋಡೆ. ಮುಳ್ಳುಮುಳ್ಳಿನ ಪ್ಲಾಸ್ಟಿಕ್ ಚೆಂಡು ದುಡ್ಡು ದಂಡ. ಗಡಗಡ ನಡುಗುವ ಮಸಾಜ್ ಗನ್ ಕತ್ತಿನ ಹತ್ತಿರ ಬೇಡವೇ ಬೇಡ. ಬಾಮ್ ಹಚ್ಚುವುದಿದ್ದರೆ ಎಲ್ಲ ಮುಗಿದ ಮೇಲೆ. ಮೊದಲೇ ಹಚ್ಚಿದರೆ ಚರ್ಮ ಉರಿಯುತ್ತದೆ.

ಬಿಸಿ: ಹಾಟ್ ವಾಟರ್ ಬ್ಯಾಗ್, ಹತ್ತು ನಿಮಿಷ. ಅಷ್ಟೇ.

ಗಂಟು ಹುಡುಕುವುದು: ಹೆಚ್ಚಿನವರು ಎಡವುವುದು ಇಲ್ಲೇ. ನೋವು ಎಲ್ಲಿದೆಯೋ ಅಲ್ಲೇ ಒತ್ತುತ್ತಾರೆ. ಬಲಭುಜಕ್ಕಾದರೆ ಎಡಗೈ ಬೆರಳುಗಳನ್ನು ಭುಜದ ಮೇಲಿಂದ ಹಿಂದಕ್ಕೆ ಇಳಿಸಿ. ರೆಕ್ಕೆಮೂಳೆಯ, ಅಂದರೆ ಭುಜದ ಹಿಂದಿನ ಚಪ್ಪಟೆ ಮೂಳೆಯ, ಮೇಲಿನ ಒಳಮೂಲೆ ಸಿಗುತ್ತದೆ. ಅದರ ಸುತ್ತ ನಿಧಾನವಾಗಿ ತಡವಿ. ವೀಣೆಯ ತಂತಿ ಮೀಟಿದ ಹಾಗೆ ಬೆರಳಡಿ ಏನೋ ಜಾರುತ್ತದೆ. ಆ ತಂತಿಯುದ್ದಕ್ಕೂ ಒತ್ತುತ್ತಾ ಹೋಗಿ. ಒಂದು ಕಡೆ ‘ಹಾ, ಇದೇ ನನ್ನ ನೋವು’ ಅನ್ನಿಸಬೇಕು. ಸುಮ್ನೆ ನೋಯುವುದು ಲೆಕ್ಕಕ್ಕಿಲ್ಲ. ದಿನಾ ಕಾಡುವ ಅದೇ ನೋವು ಏಳಬೇಕು. ಬೆರಳಿಂದ ಗಂಟು ಪತ್ತೆ ಹಚ್ಚುವ ಕ್ರಮವನ್ನು ಪೂರ್ತಿ ನಂಬುವ ಹಾಗಿಲ್ಲ ಎಂದು 2009ರಲ್ಲೇ ಹಳೆಯ ಅಧ್ಯಯನಗಳನ್ನು ಜಾಲಾಡಿದವರು ಬರೆದಿದ್ದಾರೆ. ಗಂಟು ಅನ್ನೋದು ನಿಜಕ್ಕೂ ಏನು ಎಂಬ ಜಗಳವೂ ಸಂಶೋಧಕರ ನಡುವೆ ಮುಗಿದಿಲ್ಲ. ಹಾಗಾಗಿ ನನ್ನ ಬೆರಳಿಗಿಂತ ನಿಮ್ಮ ನೋವಿನ ಮಾತೇ ಜಾಸ್ತಿ ನಂಬಿಕೆಯದ್ದು.

ಒತ್ತುವುದು: ಬಾಲನ್ನು ಕಾಲುಚೀಲಕ್ಕೆ ಹಾಕಿ, ಚೀಲದ ತುದಿಯನ್ನು ಭುಜದ ಮೇಲಿಂದ ಮುಂದಕ್ಕೆ ತಂದು ಹಿಡಿದುಕೊಳ್ಳಿ. ಬಾಲ್ ಜಾರುವುದಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತು, ಪಾದ ಒಂದಡಿ ಮುಂದಿಡಿ. ಮಂಡಿ ಸ್ವಲ್ಪ ಮಡಚಿದರೆ ಬಾಲ್ ಮೇಲೆ ಹೋಗುತ್ತದೆ, ನೆಟ್ಟಗೆ ನಿಂತರೆ ಕೆಳಗೆ. ಬೆನ್ನುಮೂಳೆಯ ಮೇಲೆ ಮಾತ್ರ ಬರಬಾರದು.

ಎಷ್ಟು ಒತ್ತಬೇಕು? ತೈವಾನಿನಲ್ಲಿ 119 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2002ರಲ್ಲಿ ಬಂತು. ನೋವು ಆಗಷ್ಟೇ ಶುರುವಾಗುವ ಒತ್ತಡದಲ್ಲಿ 90 ಸೆಕೆಂಡ್, ಇಲ್ಲವೇ ಅದಕ್ಕಿಂತ ತುಸು ಜೋರಾಗಿ 30 ಸೆಕೆಂಡ್, ಎರಡರಿಂದಲೂ ತಕ್ಷಣಕ್ಕೆ ನೋವು ತಗ್ಗಿತ್ತು. ನಾನು ಹೇಳುವುದು 90 ಸೆಕೆಂಡಿನದ್ದನ್ನೇ. ಯಾಕೆಂದರೆ ‘ತುಸು ಜೋರು’ ಅಂದರೆ ನಮ್ಮವರು ಹಲ್ಲು ಕಚ್ಚಿ ಒತ್ತುತ್ತಾರೆ. ಹಲ್ಲು ಕಚ್ಚಿದರೆ ಭುಜವೂ ಬಿಗಿಯುತ್ತದೆ, ಬಿಗಿದ ಸ್ನಾಯು ಬಿಡುವುದು ಹೇಗೆ? ಉಸಿರು ಸರಾಗವಾಗಿ ಆಡುತ್ತಿರಬೇಕು. ಪಕ್ಕದವರ ಜೊತೆ ಮಾತಾಡಲು ಆಗುತ್ತಿರಬೇಕು. ಆಗದಿದ್ದರೆ ಪಾದ ಗೋಡೆಗೆ ಹತ್ತಿರ ತನ್ನಿ, ಭಾರ ಇಳಿಯುತ್ತದೆ. ಬಾಲನ್ನು ಉರುಳಿಸಬೇಡಿ. ಚಪಾತಿ ಲಟ್ಟಿಸುತ್ತಿಲ್ಲ ನಾವು. ಒಂದೇ ಕಡೆ ನಿಂತಿರಿ. ಅರ್ಧ ನಿಮಿಷದಲ್ಲಿ ನೋವು ತಾನೇ ಕರಗತೊಡಗುತ್ತದೆ. ಕರಗದೆ ಏರುತ್ತಾ ಹೋದರೆ ಜಾಗ ತಪ್ಪಿದೆ, ಇಲ್ಲವೇ ಒತ್ತು ಜಾಸ್ತಿಯಾಗಿದೆ.

ಎಳೆಯುವುದು: ಇದನ್ನು ಬಿಟ್ಟುಬಿಡುವವರೇ ಬಹಳ. ಕುರ್ಚಿಯಲ್ಲಿ ಕೂತು, ಬಲಗೈಯನ್ನು ತೊಡೆಯ ಕೆಳಗಿಟ್ಟು, ತಲೆಯನ್ನು ಎಡಕ್ಕೆ ವಾಲಿಸಿ 30 ಸೆಕೆಂಡ್ ಇರಿ. ಮೂರು ಸಲ. ಅಮೆರಿಕದಲ್ಲಿ 40 ಜನರಿಗೆ ಮನೆಯಲ್ಲೇ ಮಾಡಲು ಹೀಗೊಂದು ಕ್ರಮ ಕೊಟ್ಟು ನೋಡಿದ್ದರು, 2000ರಲ್ಲಿ ವರದಿ ಬಂತು. ಒಂದು ಗುಂಪಿಗೆ ಒತ್ತಿ ಆಮೇಲೆ ಎಳೆಯುವುದು, ಇನ್ನೊಂದಕ್ಕೆ ಬರೀ ಕತ್ತು ಆಡಿಸುವುದು. ಐದು ದಿನ. ಒತ್ತಿ ಎಳೆದವರ ನೋವು ಹೆಚ್ಚು ತಗ್ಗಿತ್ತು. ಆದರೆ ದಿನದಲ್ಲಿ ಎಷ್ಟು ಹೊತ್ತು ನೋವಿರುತ್ತದೆ ಎಂಬುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಜಾದೂ ಏನಲ್ಲ. ಅವರು ಒತ್ತಲು ಬಳಸಿದ್ದು ಕೊಕ್ಕೆಯಂಥ ಕೋಲು. ಅಜ್ಜನ ಕಾಲದ ಬಾಗಿದ ಹಿಡಿಯ ಕೊಡೆ ಇದ್ದರೆ ಅದೂ ಆದೀತು.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಐದು ದಿನ ಮಾಡಿ. ಮಾರನೇ ದಿನ ಸ್ವಲ್ಪ ಮೈಕೈ ನೋವು ಇದ್ದರೆ ಪರವಾಗಿಲ್ಲ. ಕಲೆ ಬಿದ್ದರೆ ಅದು ಮಾಯುವವರೆಗೆ ನಿಲ್ಲಿಸಿ. ಈ ಮಧ್ಯೆ ಸೆಲೂನಿನಲ್ಲಿ ಕಟಕ್ ಅಂತ ಕತ್ತು ತಿರುಗಿಸಿಕೊಂಡು ಬರಬೇಡಿ. ಕತ್ತಿನ ರಕ್ತನಾಳ ಸೀಳಿ ಪಾರ್ಶ್ವವಾಯು ಆದವರಿದ್ದಾರೆ.

ಐದು ದಿನಕ್ಕೂ ಬಗ್ಗದಿದ್ದರೆ ಫಿಸಿಯೊ ಹತ್ತಿರ ಹೋಗಿ. ಅಲ್ಲಿ ‘ಡ್ರೈ ನೀಡ್ಲಿಂಗ್’ ಮಾತು ಬರಬಹುದು. ಗಂಟಿಗೆ ಔಷಧಿಯಿಲ್ಲದ ಬರೀ ಸೂಜಿ ಚುಚ್ಚುವುದು. ಔಷಧಿ ತುಂಬಿ ಚುಚ್ಚುವುದೂ ಉಂಟು. ಆದರೆ ಸೂಜಿಯೊಳಗಿನ ಔಷಧಿಗಿಂತ ಚುಚ್ಚುವುದೇ ಕೆಲಸ ಮಾಡುತ್ತಿರಬಹುದು ಎಂದು ಜೆಕ್ ವೈದ್ಯ ಕಾರೆಲ್ ಲೆವಿಟ್ 1979ರಲ್ಲೇ ಬರೆದರು. 2001ರಲ್ಲಿ 23 ಪ್ರಯೋಗಗಳನ್ನು ಒಟ್ಟಿಗೆ ನೋಡಿದವರಿಗೂ ಯಾವ ಔಷಧಿ ಚುಚ್ಚಿದರೂ ಫಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹುಸಿ ಚಿಕಿತ್ಸೆಗಿಂತ ಸೂಜಿ ಮೇಲು ಎನ್ನಲೂ ಅವರಿಗೆ ಸಾಕ್ಷಿ ಸಾಲಲಿಲ್ಲ. ಆದ್ದರಿಂದ ವಿಶೇಷ ಔಷಧಿ ಅಂತ ಜಾಸ್ತಿ ದುಡ್ಡು ಕೇಳಿದರೆ ಎದ್ದು ಬನ್ನಿ. ಚುಚ್ಚುವವರು ಎಲ್ಲಿ ಕಲಿತರು ಎಂದೂ ಕೇಳಿ, ಸಂಕೋಚ ಬೇಡ. ಭುಜದ ಆ ಜಾಗದ ಕೆಳಗೇ ಶ್ವಾಸಕೋಶದ ತುದಿ ಇದೆ.